ಸಕ್ಕರೆ ಕರಗಿತು, ಆದರೆ ‘ಮೆಲ್ಟ್’ ಆಗಲಿಲ್ಲ

ತಿಪಟೂರಿನ ಕಡೆಯ ಒಂದು ಮನೆ. ಆ ಮನೆಯ ಹುಡುಗಿ ಏಳನೇ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದಳು. ವಿಜ್ಞಾನದ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂತು. ನೀರಿಗೆ ಸಕ್ಕರೆ ಹಾಕಿ ಕಲಕಿದರೆ ಏನಾಗುತ್ತದೆ ಎಂಬುದು ಒಂದು ಪ್ರಶ್ನೆ. ಹುಡುಗಿ ಬರೆದದ್ದು ‘ಶುಗರ್ ಮೆಲ್ಟ್ಸ್ ಇನ್ ವಾಟರ್’ ಎಂದು. ‘ಮೆಲ್ಟ್ಸ್’ ಎಂಬ ಪದದ ಸುತ್ತ ಕೆಂಪು ಶಾಯಿಯ ದೊಡ್ಡ ಸೊನ್ನೆ. ಪಕ್ಕದಲ್ಲಿ ಇನ್ನೊಂದು ಸಣ್ಣ ಸೊನ್ನೆ, ಅದು ಅಂಕ.

ಅಪ್ಪ ನಿಘಂಟು ತೆಗೆದು ಸ್ಪೆಲಿಂಗ್ ನೋಡಿದರು. ಸ್ಪೆಲಿಂಗ್ ಸರಿಯಾಗಿತ್ತು. ಅರ್ಥ ನೋಡಿದರು. ಮೆಲ್ಟ್ ಎಂದರೆ ಕರಗು ಎಂದೇ ಇತ್ತು. ಒಳಗೆ ಕಾಫಿಗೆ ಸಕ್ಕರೆ ಹಾಕಿ ಕಲಕುತ್ತಿದ್ದ ಅಮ್ಮ ಅಲ್ಲಿಂದಲೇ ಕೇಳಿದರು: “ಸಕ್ಕರೆ ನೀರಲ್ಲಿ ಕರಗದೆ ಇನ್ನೇನು ಕಲ್ಲಾಗುತ್ತಾ?” ಹುಡುಗಿ ಮಾತನಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ, “ಅಪ್ಪ, ನನ್ನ ಹಳೇ ಸ್ಕೂಲಿಗೇ ಸೇರಿಸಿಬಿಡು” ಎಂದಳು. ಮಗಳಿಗೆ ವಿಜ್ಞಾನ ಹತ್ತುತ್ತಿಲ್ಲವೇನೋ ಎಂದು ಅಪ್ಪನಿಗೂ ಅನುಮಾನ ಬಂತು.

ವಿಜ್ಞಾನ ಹತ್ತಿತ್ತು. ಸಕ್ಕರೆ ಎಲ್ಲೂ ಮಾಯವಾಗಿಲ್ಲ, ನೀರಿನಲ್ಲೇ ಇದೆ, ನೀರನ್ನು ಆರಿಸಿದರೆ ಮತ್ತೆ ಸಿಗುತ್ತದೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಕೈಕೊಟ್ಟದ್ದು ಒಂದು ಕ್ರಿಯಾಪದ. ಅದೂ ಅವಳ ತಪ್ಪಿನಿಂದಲ್ಲ. ಕನ್ನಡದ ‘ಕರಗು’ ಎಂಬ ಒಂದೇ ಪದ ಇಂಗ್ಲಿಷಿನ ಎರಡು ಕ್ರಿಯಾಪದಗಳ ಕೆಲಸ ಮಾಡುತ್ತದೆ. ಬೆಣ್ಣೆ ಕರಗಿತು ಎಂದರೆ ಮೆಲ್ಟ್. ಸಕ್ಕರೆ ಕರಗಿತು ಎಂದರೆ ಡಿಸಾಲ್ವ್. ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ಈ ಎರಡು ಪದಗಳ ಎದುರಿಗೂ ‘ಕರಗು’ ಎಂದೇ ಸಿಗುತ್ತದೆ. ನಿಘಂಟು ಸುಳ್ಳು ಹೇಳುವುದಿಲ್ಲ, ಆದರೆ ಇಲ್ಲಿ ಪೂರ್ತಿ ಸತ್ಯವನ್ನೂ ಹೇಳುವುದಿಲ್ಲ.

ವ್ಯತ್ಯಾಸ ಏನು? ಮೆಲ್ಟ್ ಆಗುವುದಕ್ಕೆ ಒಂದೇ ವಸ್ತು ಸಾಕು, ಅದಕ್ಕೆ ಬೇಕಾದದ್ದು ಶಾಖ. ಘನವಾಗಿದ್ದದ್ದು ದ್ರವವಾಗುತ್ತದೆ, ಬೇರೆ ಯಾವುದೂ ಅದರೊಳಗೆ ಸೇರುವುದಿಲ್ಲ. ಮಂಜುಗಡ್ಡೆ ಕರಗಿ ನೀರಾದರೆ ಆ ನೀರಿನಲ್ಲಿ ಮಂಜುಗಡ್ಡೆಯಲ್ಲಿ ಇದ್ದದ್ದೇ ಇರುತ್ತದೆ. ಡಿಸಾಲ್ವ್ ಆಗುವುದಕ್ಕೆ ಎರಡು ವಸ್ತುಗಳು ಬೇಕು. ಒಂದು ಇನ್ನೊಂದರೊಳಗೆ ಕಣಕಣವಾಗಿ ಹರಡಿಕೊಳ್ಳಬೇಕು. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಮಕ್ಕಳನ್ನು ನೆನೆಸಿಕೊಳ್ಳಿ. ಗಂಟೆ ಹೊಡೆದೊಡನೆ ಸಾಲು ಕೆಟ್ಟು ಎಲ್ಲರೂ ಅದೇ ಅಂಗಳದಲ್ಲಿ ಒಬ್ಬರಿಗೊಬ್ಬರು ತಾಕಿಕೊಂಡು ಓಡಾಡಿದರೆ ಅದು ಮೆಲ್ಟ್. ಅದೇ ಮಕ್ಕಳು ಊರ ಜಾತ್ರೆಯ ಜನರ ನಡುವೆ ಒಬ್ಬೊಬ್ಬರಾಗಿ ಸೇರಿಹೋದರೆ ಅದು ಡಿಸಾಲ್ವ್.

ಲೆಕ್ಕದಲ್ಲಿ ನೋಡಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಬರಿಯ ಸಕ್ಕರೆ ಶಾಖದಿಂದ ದ್ರವವಾಗಬೇಕಾದರೆ ಸುಮಾರು 186 ಡಿಗ್ರಿ ಸೆಲ್ಷಿಯಸ್ ಬೇಕು. ನೀರು 100 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಅಂದಮೇಲೆ ಲೋಟದ ಕಾಫಿಯಲ್ಲಿ ಸಕ್ಕರೆ ಮೆಲ್ಟ್ ಆಗುವುದು ಹೇಗೆ? ಉಪ್ಪಿನ ಮಾತಂತೂ ಕೇಳುವುದೇ ಬೇಡ. ಅಡುಗೆ ಉಪ್ಪು ಮೆಲ್ಟ್ ಆಗುವುದು 801 ಡಿಗ್ರಿಗೆ. ಅಲ್ಯೂಮಿನಿಯಂ 660 ಡಿಗ್ರಿಗೇ ಮೆಲ್ಟ್ ಆಗುತ್ತದೆ. ‘ಸಾಲ್ಟ್ ಮೆಲ್ಟೆಡ್ ಇನ್ ದಿ ಸಾರು’ ಎಂದು ಯಾರಾದರೂ ಬರೆದರೆ, ಉಪ್ಪು ಕರಗುವ ಮೊದಲೇ ಅಲ್ಯೂಮಿನಿಯಂ ಪಾತ್ರೆ ಕರಗಿ ಒಲೆಯ ಮೇಲೆ ಹರಿದಿತ್ತು ಎಂದು ಅರ್ಥ! ತಣ್ಣೀರಿನಲ್ಲೂ ಉಪ್ಪು ಕರಗುವುದು ಏಕೆಂದರೆ ಅಲ್ಲಿ ಕೆಲಸ ಮಾಡುವುದು ಶಾಖವಲ್ಲ, ನೀರು. ನೀರಿನ ಅಣುಗಳು ಉಪ್ಪಿನ ಹರಳನ್ನು ಸುತ್ತುವರಿದು, ಅದರ ಕಣಗಳನ್ನು ಒಂದೊಂದಾಗಿ ಕಿತ್ತು ಒಯ್ಯುತ್ತವೆ.

ಇದನ್ನು ಮನೆಯಲ್ಲೇ ನೋಡಬಹುದು, ದೊಡ್ಡವರು ಜೊತೆಗಿರಬೇಕು. ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ ಹಾಕಿ ಕಲಕಿ. ಇನ್ನೊಂದು ಹಳೆಯ ಸ್ಟೀಲ್ ಚಮಚದ ಹಿಡಿಗೆ ದಪ್ಪ ಬಟ್ಟೆ ಸುತ್ತಿ, ಅದರಲ್ಲಿ ಸ್ವಲ್ಪ ಒಣ ಸಕ್ಕರೆ ಇಟ್ಟು ಮೇಣದ ಬತ್ತಿಯ ಉರಿಯ ಮೇಲೆ ಹಿಡಿಯಿರಿ. ಲೋಟದ ಸಕ್ಕರೆ ಕಣ್ಣಿಗೆ ಕಾಣದಾಯಿತು, ನೀರು ತಿಳಿಯಾಗಿಯೇ ಉಳಿಯಿತು. ಚಮಚದ ಸಕ್ಕರೆ ಅಂಚಿನಿಂದ ನೀರೊಡೆದು, ಜೇನಿನ ಬಣ್ಣಕ್ಕೆ ತಿರುಗಿ, ನೋಡನೋಡುತ್ತ ಕಂದಾಗಿ ಘಮ್ಮೆನ್ನುತ್ತದೆ. ಆ ಸಕ್ಕರೆಗೆ ಬೆರಳು ತಾಕಿಸಬೇಡಿ. ಅದು ಕುದಿಯುವ ನೀರಿಗಿಂತ ಬಹಳ ಬಿಸಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಎರಡಕ್ಕೂ ಕನ್ನಡದಲ್ಲಿ ‘ಸಕ್ಕರೆ ಕರಗಿತು’ ಎನ್ನಬಹುದು. ಕಂಡದ್ದು ಮಾತ್ರ ಬೇರೆ ಬೇರೆ.

ಹಾಗಾದರೆ ಕನ್ನಡಕ್ಕೆ ಈ ಭೇದವೇ ತಿಳಿಯದೆ? ಹಾಗೆನ್ನುವುದು ಅವಸರದ ಮಾತಾದೀತು. ಮನೆಯಲ್ಲಿ ಆಡುವ ಮಾತನ್ನು ಕಿವಿಗೊಟ್ಟು ಕೇಳಿ. ‘ಬಿಸಿಲಿಗೆ ಮೇಣ ಕರಗಿತು’, ‘ಕಾವಿಗೆ ತುಪ್ಪ ಕರಗಿತು’ ಎನ್ನುತ್ತೇವೆ. ‘ನೀರಿನಲ್ಲಿ ಉಪ್ಪು ಕರಗಿತು’, ‘ಹಾಲಿನಲ್ಲಿ ಸಕ್ಕರೆ ಕರಗಿತು’ ಎನ್ನುತ್ತೇವೆ. ಒಂದು ಕಡೆ ‘ಗೆ’, ಇನ್ನೊಂದು ಕಡೆ ‘ಅಲ್ಲಿ’. ಕ್ರಿಯಾಪದ ಒಂದೇ ಆದರೂ ವಿಭಕ್ತಿ ಬದಲಾಗಿದೆ. ‘ಗೆ’ ಬಂದಾಗ ಕರಗಿಸಿದ್ದು ಶಾಖ; ‘ಅಲ್ಲಿ’ ಬಂದಾಗ ಕರಗಿಸಿದ್ದು ದ್ರವ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ಅಲ್ಲಿ ಮೇಣ ‘ಇನ್ ದಿ ಸನ್’ ಮೆಲ್ಟ್ ಆಗುತ್ತದೆ, ಉಪ್ಪು ‘ಇನ್ ವಾಟರ್’ ಡಿಸಾಲ್ವ್ ಆಗುತ್ತದೆ. ಎರಡು ಕಡೆಯೂ ‘ಇನ್’ ಒಂದೇ; ಕ್ರಿಯಾಪದ ಬೇರೆ.

ಇದು ಸುಳಿವು ಮಾತ್ರ, ಕಟ್ಟುನಿಟ್ಟಿನ ನಿಯಮವಲ್ಲ. ಮಂಜುಗಡ್ಡೆ ನೀರಿನಲ್ಲಿ ಕರಗಿತು ಎನ್ನುವಾಗ ‘ಅಲ್ಲಿ’ ಬಂದರೂ ಅದು ಮೆಲ್ಟ್. ಏಕೆಂದರೆ ಅಲ್ಲಿ ಗಡ್ಡೆಯನ್ನು ಕರಗಿಸಿದ್ದು ನೀರಿನ ಶಾಖ. ಅನುಮಾನ ಬಂದಾಗ, ಬರೆಯುವ ಮೊದಲು ‘ಯಾತರಿಂದ ಕರಗಿತು?’ ಎಂದು ಮಗು ತನ್ನನ್ನೇ ಕನ್ನಡದಲ್ಲಿ ಕೇಳಿಕೊಂಡರೆ ಸರಿಯಾದ ಇಂಗ್ಲಿಷ್ ಪದ ತಾನಾಗಿ ಬರುತ್ತದೆ. ಹಿಂದಿ ಕಲಿಯುವ ಮಕ್ಕಳಿಗೆ ಇನ್ನೊಂದು ದಾರಿಯಿದೆ. ಹಿಂದಿಯಲ್ಲಿ ‘ಪಿಘಲ್‌ನಾ’ ಮೆಲ್ಟ್, ‘ಘುಲ್‌ನಾ’ ಡಿಸಾಲ್ವ್. ತಮಿಳಿನಲ್ಲೂ ಎರಡು ಪದಗಳಿವೆ: ‘ಉರುಗು’ ಮೆಲ್ಟ್, ‘ಕರೈ’ ಡಿಸಾಲ್ವ್. ಈ ‘ಕರೈ’ ನಮ್ಮ ‘ಕರಗು’ವಿನ ದಾಯಾದಿಯೇ.

ಕನ್ನಡದ ಪಠ್ಯಪುಸ್ತಕದ ಪಾರಿಭಾಷಿಕ ಪದಗಳು ಇಲ್ಲಿ ಹೆಚ್ಚಿಗೆ ನೆರವಾಗಿಲ್ಲ ಎಂದೂ ಹೇಳಬೇಕು. ಮೆಲ್ಟ್ ಆಗುವ ಉಷ್ಣತೆಗೆ ‘ದ್ರವನ ಬಿಂದು’, ಡಿಸಾಲ್ವ್ ಆಗಿ ಸಿಗುವ ಮಿಶ್ರಣಕ್ಕೆ ‘ದ್ರಾವಣ’. ಎರಡೂ ಒಂದೇ ಸಂಸ್ಕೃತ ಧಾತುವಿನಿಂದ ಹುಟ್ಟಿದ ಅವಳಿ ಮಕ್ಕಳು. ಇವೆರಡನ್ನು ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುವಷ್ಟರಲ್ಲಿ ಮಗುವಿನ ತಲೆ ಸುತ್ತುತ್ತದೆ.

ಇಂಗ್ಲಿಷ್ ಪದಗಳ ಮೂಲ ಮಾತ್ರ ಸೊಗಸಾಗಿದೆ. ಮೆಲ್ಟ್ ಎಂಬುದು ‘ಮೆತ್ತಗೆ’ ಎಂಬ ಅರ್ಥದ ಹಳೆಯ ಬೇರಿನಿಂದ ಬಂದದ್ದು. ಸಂಸ್ಕೃತದ ‘ಮೃದು’ ಅದೇ ಕುಲಕ್ಕೆ ಸೇರಿದ್ದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಡಿಸಾಲ್ವ್‌ನಲ್ಲಿರುವ ‘ಸಾಲ್ವ್’ ಲ್ಯಾಟಿನ್ನಿನ ‘ಬಿಡಿಸು, ಸಡಿಲಿಸು’ ಎಂಬ ಮಾತು. ಅದಕ್ಕೇ ಲೆಕ್ಕದ ಉತ್ತರವೂ ‘ಸಲ್ಯೂಷನ್’, ಉಪ್ಪುನೀರೂ ‘ಸಲ್ಯೂಷನ್’. ಇದು ವಿಚಿತ್ರವೆನಿಸಿದರೆ ಕನ್ನಡವನ್ನೇ ನೋಡಿ: ಗಂಟು ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಲೆಕ್ಕವನ್ನೂ ಬಿಡಿಸುತ್ತೇವೆ. ನೀರು ಉಪ್ಪಿನ ಗಂಟನ್ನು ಬಿಡಿಸುತ್ತದೆ ಎಂದುಕೊಂಡರೆ ಡಿಸಾಲ್ವ್ ಮರೆಯುವುದಿಲ್ಲ. ಈ ಪದದಲ್ಲಿ ‘ಸ’ಕಾರ ಬರೆದರೂ ಇಂಗ್ಲಿಷರ ಬಾಯಲ್ಲಿ ಅದು ‘ಝ’ಕಾರಕ್ಕೆ ಹತ್ತಿರ.

ಒಂದೇ ವಸ್ತುವಿಗೆ ಈ ಎರಡೂ ಗತಿಗಳು ಬರಬಹುದು. ಚಿನ್ನವನ್ನೇ ತೆಗೆದುಕೊಳ್ಳಿ. ಅಕ್ಕಸಾಲಿಗರು ಹಳೆಯ ಒಡವೆಯನ್ನು ಮೂಸೆಗೆ ಹಾಕಿ ಕರಗಿಸುತ್ತಾರೆ. ಶುದ್ಧ ಚಿನ್ನಕ್ಕೆ ಅದು 1064 ಡಿಗ್ರಿಯಲ್ಲಿ ಆಗುವ ಮೆಲ್ಟಿಂಗ್. ಒಡವೆ, ಪದಕಗಳನ್ನು ಹೀಗೆ ಅಳಿಸಿ ಗಟ್ಟಿ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ‘ಮೆಲ್ಟ್ ಡೌನ್’ ಎನ್ನುತ್ತಾರೆ. ಚಿನ್ನವನ್ನು ಮೆಲ್ಟ್ ಮಾಡದೆ ಡಿಸಾಲ್ವ್ ಮಾಡಿದ ಪ್ರಸಂಗ ಒಂದಿದೆ. ಆ ಎರಡು ಪದಗಳ ನಡುವಿನ ಅಂತರ ಅಲ್ಲಿ ಒಂದು ಅಂಕದ ಮಾತಾಗಿರಲಿಲ್ಲ.

1940ರ ಏಪ್ರಿಲ್ 9. ಜರ್ಮನ್ ಸೈನ್ಯ ಡೆನ್ಮಾರ್ಕಿಗೆ ನುಗ್ಗಿತು. ಕೋಪನ್‌ಹೇಗನ್ನಿನಲ್ಲಿ ಭೌತವಿಜ್ಞಾನಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಎರಡು ನೊಬೆಲ್ ಪದಕಗಳಿದ್ದವು. ಒಂದು 1914ರ ಬಹುಮಾನ ಪಡೆದ ಮ್ಯಾಕ್ಸ್ ಫಾನ್ ಲಾವೆ ಅವರದು, ಇನ್ನೊಂದು 1925ರ ಬಹುಮಾನ ಹಂಚಿಕೊಂಡ ಜೇಮ್ಸ್ ಫ್ರಾಂಕ್ ಅವರದು. ಇಬ್ಬರೂ ಜರ್ಮನರು, ನಾಜಿಗಳ ಕೈಗೆ ಸಿಗಬಾರದೆಂದು ಅಲ್ಲಿ ಇರಿಸಿದ್ದರು. ಜರ್ಮನಿಯಿಂದ ಚಿನ್ನವನ್ನು ಹೊರಗೆ ಸಾಗಿಸುವುದು ಆಗ ಘೋರ ಅಪರಾಧ. ಪದಕಗಳ ಮೇಲೆ ಹೆಸರು ಕೆತ್ತಿತ್ತು. ಸಿಕ್ಕಿದರೆ ಲಾವೆ ಅವರ ಪ್ರಾಣಕ್ಕೇ ಕುತ್ತು, ಅವರು ಇನ್ನೂ ಜರ್ಮನಿಯಲ್ಲೇ ಇದ್ದರು. ಸಂಸ್ಥೆಯಲ್ಲಿದ್ದ ಹಂಗೇರಿಯ ರಸಾಯನ ವಿಜ್ಞಾನಿ ಜಾರ್ಜ್ ಡಿ ಹೆವೆಸಿ ಮೊದಲು ಹೂತಿಡೋಣ ಎಂದರು. ಅಗೆದು ತೆಗೆದರೆ? ಬೋರ್ ಒಪ್ಪಲಿಲ್ಲ. ಮೆಲ್ಟ್ ಮಾಡಿದರೆ ಹೆಸರು ಅಳಿಸೀತು, ಆದರೆ ಚಿನ್ನದ ಗಟ್ಟಿ ಚಿನ್ನದ ಗಟ್ಟಿಯೇ; ಸೈನಿಕರ ಕಣ್ಣಿಗೆ ಬೀಳದಿದ್ದೀತೆ? ಹೆವೆಸಿ ಮಾಡಿದ್ದು ಡಿಸಾಲ್ವ್. ಹೈಡ್ರೊಕ್ಲೋರಿಕ್ ಆಮ್ಲ ಮೂರು ಪಾಲು, ನೈಟ್ರಿಕ್ ಆಮ್ಲ ಒಂದು ಪಾಲು ಸೇರಿದರೆ ಆಕ್ವಾ ರೀಜಿಯ ಎಂಬ ದ್ರವವಾಗುತ್ತದೆ. ಚಿನ್ನ ಇದಕ್ಕೆ ಸೋಲುತ್ತದೆ, ಆದರೆ ನಿಧಾನವಾಗಿ. ಬೀದಿಯಲ್ಲಿ ಸೈನ್ಯ ಸಾಗುತ್ತಿದ್ದಾಗ ಒಳಗೆ ಪದಕಗಳು ಕರಗುತ್ತಿದ್ದವು. ಕೊನೆಗೆ ಉಳಿದದ್ದು ಕಿತ್ತಳೆ ಬಣ್ಣದ ದ್ರಾವಣ. ಪ್ರಯೋಗಶಾಲೆಯ ಕಪಾಟಿನಲ್ಲಿ ಹತ್ತಾರು ಶೀಶೆಗಳ ನಡುವೆ ಅದೂ ಒಂದಾಗಿ ಕುಳಿತಿತ್ತು. ಸಂಸ್ಥೆಯನ್ನು ಶೋಧಿಸಿದವರು ಅದನ್ನು ಮುಟ್ಟಲಿಲ್ಲ.

1943ರಲ್ಲಿ ಹೆವೆಸಿ ಸ್ವೀಡನ್ನಿಗೆ ಹೋದರು. ಯುದ್ಧ ಮುಗಿದ ಮೇಲೆ ನೋಡಿದರೆ ಶೀಶೆ ಇದ್ದ ಕಡೆಯೇ ಇತ್ತು. ಅದರಿಂದ ಚಿನ್ನವನ್ನು ಬೇರ್ಪಡಿಸಿ ಸ್ವೀಡನ್ನಿಗೆ ಕಳುಹಿಸಿದರು. ಅದೇ ಚಿನ್ನದಿಂದ ಪದಕಗಳನ್ನು ಮತ್ತೆ ಟಂಕಿಸಲಾಯಿತು. ಫ್ರಾಂಕ್ ಅವರಿಗೆ ಪದಕ ಮರಳಿ ಸಿಕ್ಕಿದ್ದು 1952ರಲ್ಲಿ. (ಇಲ್ಲೊಂದು ಸೂಕ್ಷ್ಮವಿದೆ. ಸಕ್ಕರೆ ನೀರಿನಲ್ಲಿ ಸಕ್ಕರೆಯಾಗಿಯೇ ಇರುತ್ತದೆ. ಆಕ್ವಾ ರೀಜಿಯದಲ್ಲಿ ಚಿನ್ನ ರಾಸಾಯನಿಕವಾಗಿ ಬದಲಾಗಿ ಬೇರೊಂದು ಸಂಯುಕ್ತವಾಗುತ್ತದೆ. ನೀರು ಆರಿಸಿದಂತೆ ಆರಿಸಿದರೆ ಚಿನ್ನ ಸಿಗದು. ಇಂಗ್ಲಿಷ್ ಮಾತ್ರ ಎರಡನ್ನೂ ಡಿಸಾಲ್ವ್ ಎಂದೇ ಕರೆಯುತ್ತದೆ. ಒಂದೇ ಪದದಲ್ಲಿ ಎರಡು ಕ್ರಿಯೆಗಳನ್ನು ಅಡಗಿಸುವ ಅಭ್ಯಾಸ ಕನ್ನಡಕ್ಕೆ ಮಾತ್ರ ಇದೆ ಎಂದು ಯಾರೂ ಬೀಗಬೇಕಿಲ್ಲ.)

ಇನ್ನು ವ್ಯಾಕರಣ. ಕನ್ನಡದಲ್ಲಿ ತಾನಾಗಿ ಆದರೆ ಕರಗು, ಯಾರಾದರೂ ಮಾಡಿದರೆ ಕರಗಿಸು. ಇಂಗ್ಲಿಷಿನಲ್ಲಿ ಎರಡಕ್ಕೂ ಮೆಲ್ಟ್ ಒಂದೇ. ‘ದಿ ಬಟರ್ ಮೆಲ್ಟೆಡ್’ ಎಂದರೆ ಬೆಣ್ಣೆ ಕರಗಿತು. ‘ಶಿ ಮೆಲ್ಟೆಡ್ ದಿ ಬಟರ್’ ಎಂದರೆ ಅವಳು ಕರಗಿಸಿದಳು. ‘ಶಿ ಮೇಡ್ ದಿ ಬಟರ್ ಟು ಮೆಲ್ಟ್’ ಎಂದು ಹಲವು ಮಕ್ಕಳು ಬರೆಯುವುದು ‘ಇಸು’ ಪ್ರತ್ಯಯವನ್ನು ಇಂಗ್ಲಿಷಿಗೂ ಅಂಟಿಸಲು ಹೋಗಿ. ಡಿಸಾಲ್ವ್‌ಗೂ ಇದೇ ಮಾತು. ಮೆಲ್ಟ್‌ನ ಭೂತಕಾಲ ಮೆಲ್ಟೆಡ್. ಆದರೆ ‘ಮೋಲ್ಟನ್’ ಎಂಬ ಹಳೆಯ ರೂಪ ವಿಶೇಷಣವಾಗಿ ಉಳಿದುಕೊಂಡಿದೆ. ಕಬ್ಬಿಣ, ಗಾಜು, ಜ್ವಾಲಾಮುಖಿಯ ಶಿಲಾರಸ ಇಂಥ ಉಗ್ರ ಶಾಖ ಬೇಡುವ ವಸ್ತುಗಳಿಗೆ ಮೋಲ್ಟನ್. ಬೆಣ್ಣೆ, ಮೇಣ, ಐಸ್‌ಕ್ರೀಮುಗಳಿಗೆ ಮೆಲ್ಟೆಡ್. ‘ಮೋಲ್ಟನ್ ಬಟರ್’ ಎಂದರೆ ದೋಸೆಯ ಮೇಲೆ ಲಾವಾರಸ ಸುರಿದಂತೆ ಕೇಳಿಸುತ್ತದೆ. ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ‘ಮೋಲ್ಟನ್ ಚಾಕೊಲೇಟ್ ಕೇಕ್’ ಕಂಡರೆ ಅದು ವ್ಯಾಪಾರದ ಉತ್ಪ್ರೇಕ್ಷೆ, ಪರೀಕ್ಷೆಗೆ ಮಾದರಿಯಲ್ಲ.

ಅಲಂಕಾರದ ಮಾತಿನಲ್ಲಿ ಕನ್ನಡ ಮತ್ತು ಇಂಗ್ಲಿಷ್ ಅರ್ಧ ದಾರಿ ಜೊತೆಯಾಗಿ ನಡೆಯುತ್ತವೆ. ಮನಸ್ಸು ಕರಗಿತು ಎಂಬುದಕ್ಕೆ ಮೆಲ್ಟ್ ಸರಿ; ಅಲ್ಲಿ ಡಿಸಾಲ್ವ್ ಬಳಸಿದರೆ ಹೃದಯವನ್ನು ಆಮ್ಲಕ್ಕೆ ಹಾಕಿದಂತೆ. ಜನಸಂದಣಿ ಕರಗಿತು ಎಂಬುದಕ್ಕೂ ‘ಮೆಲ್ಟೆಡ್ ಅವೇ’. ಲೋಕಸಭೆ, ವಿಧಾನಸಭೆಗಳು ಮಾತ್ರ ಡಿಸಾಲ್ವ್ ಆಗುತ್ತವೆ. ಅದಕ್ಕೆ ಕನ್ನಡದಲ್ಲಿ ‘ವಿಸರ್ಜನೆ’ ಇದೆ, ‘ವಿಧಾನಸಭೆ ಕರಗಿತು’ ಎಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಬಾಯಲ್ಲಿ ಬೆಣ್ಣೆಯೂ ಕರಗದಂತೆ ಕಾಣುವವನು ಎಂದು ಇಂಗ್ಲಿಷರು ಹೇಳುವುದು, ಕನ್ನಡಿಗರು ಬಾಯಲ್ಲಿ ಬೆರಳಿಟ್ಟರೂ ಕಚ್ಚಲಾರ ಎನ್ನುವಂಥ ಮುಗ್ಧತೆಯ ನಟನೆಗೆ. ಮೈಯ ಕೊಬ್ಬು ಕರಗಿಸುವುದಕ್ಕೆ ಅವರು ಹೆಚ್ಚಾಗಿ ‘ಬರ್ನ್’, ಅಂದರೆ ಸುಡು, ಎನ್ನುತ್ತಾರೆ. ವಿಜ್ಞಾನದ ದೃಷ್ಟಿಯಿಂದ ಅದೇ ಹೆಚ್ಚು ಸರಿ: ಕೊಬ್ಬು ದೇಹದೊಳಗೆ ಆಮ್ಲಜನಕದೊಂದಿಗೆ ಸೇರಿ ವ್ಯಯವಾಗುತ್ತದೆ, ಬೆವರಾಗಿ ಹರಿಯುವುದಿಲ್ಲ.

ಬಾಯಲ್ಲಿ ಕರಗುವ ತಿಂಡಿಗಳ ವಿಷಯದಲ್ಲಿ ಇಂಗ್ಲಿಷರೂ ಸಡಿಲ. ಏನಿದ್ದರೂ ‘ಮೆಲ್ಟ್ಸ್ ಇನ್ ದಿ ಮೌತ್’ ಎಂದುಬಿಡುತ್ತಾರೆ. ಚಾಕೊಲೇಟಿಗೆ ಅದು ನಿಜ. ಅದರಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ದ್ರವವಾಗುತ್ತದೆ, ದೇಹದ ಉಷ್ಣತೆ 37. ಪೆಪ್ಪರ್‌ಮೆಂಟು, ಬೊಂಬಾಯಿ ಮಿಠಾಯಿಗಳು ಜೊಲ್ಲಿನಲ್ಲಿ ಡಿಸಾಲ್ವ್ ಆಗುವಂಥವು. ಮೈಸೂರು ಪಾಕ್‌ನಲ್ಲಿ ತುಪ್ಪ ಮೆಲ್ಟ್ ಆಗುತ್ತದೆ, ಸಕ್ಕರೆ ಡಿಸಾಲ್ವ್ ಆಗುತ್ತದೆ, ಕಡಲೆಹಿಟ್ಟು ಎರಡೂ ಆಗದೆ ನಾಲಿಗೆಗೆ ಸಿಗುತ್ತದೆ. ಕುಲ್ಫಿ ಮಾಡುವವರು ಡಬ್ಬಿಯ ಸುತ್ತ ಮಂಜುಗಡ್ಡೆಗೆ ಉಪ್ಪು ಬೆರೆಸುವಾಗಲೂ ಹೀಗೇ. ಮಂಜುಗಡ್ಡೆ ಮೆಲ್ಟ್ ಆಗುತ್ತಿರುತ್ತದೆ, ಆ ನೀರಿನಲ್ಲಿ ಉಪ್ಪು ಡಿಸಾಲ್ವ್ ಆಗುತ್ತಿರುತ್ತದೆ; ಅದಕ್ಕೆ ಬೇಕಾದ ಶಾಖವನ್ನು ಸುತ್ತಲಿನಿಂದ ಹೀರುವುದರಿಂದ ಮಿಶ್ರಣದ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಹದವಾಗಿ ಬೆರೆಸಿದರೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಹೋಗಬಲ್ಲದು.

ಅರ್ಥವಾದರೆ ಸಾಲದೆ, ಒಂದು ಪದಕ್ಕೆ ಅಂಕ ಕಳೆಯಬೇಕೆ ಎಂದು ಪೋಷಕರು ಕೇಳಬಹುದು. ಮಾತುಕತೆಯಲ್ಲಾದರೆ ಸಾಕು. ವಿಜ್ಞಾನದ ಉತ್ತರದಲ್ಲಿ ಸಾಲದು, ಏಕೆಂದರೆ ಅಲ್ಲಿ ಮೆಲ್ಟ್ ಎಂದು ಬರೆದರೆ ನಡೆಯದ ಘಟನೆಯೊಂದನ್ನು ನಡೆಯಿತು ಎಂದಂತೆ. ಪಿಯುಸಿಯಲ್ಲಿ ‘ಮೆಲ್ಟಿಂಗ್ ಪಾಯಿಂಟ್’, ‘ಸಾಲ್ಯುಬಿಲಿಟಿ’ ಬೇರೆ ಬೇರೆ ಪಾಠಗಳಾಗಿ ಎದುರಾದಾಗ ಈ ಗೊಂದಲ ಉಳಿದಿದ್ದರೆ ಕಷ್ಟ. ಆದ್ದರಿಂದ ಆ ಶಾಲೆಯವರು ಅಂಕ ಕಳೆದದ್ದನ್ನು ತಪ್ಪೆನ್ನಲಾಗದು. ಆದರೆ ಸೊನ್ನೆ ಸುತ್ತಿದ ಕೈ ಅದರ ಪಕ್ಕದಲ್ಲೇ ‘ಡಿಸಾಲ್ವ್’ ಎಂದು ಒಂದು ಪದ ಬರೆದಿದ್ದರೆ ಎಷ್ಟು ಶಾಯಿ ಖರ್ಚಾಗುತ್ತಿತ್ತು? ಒಂದು ಸಂಜೆ ಪೂರ್ತಿ ಒಂದು ಮನೆಯವರು ತಮ್ಮ ಮಗಳು ದಡ್ಡಿ ಎಂದುಕೊಂಡು ಕುಳಿತರಲ್ಲ!

ಹುಡುಗಿ ಶಾಲೆ ಬಿಡಲಿಲ್ಲ. ಪದದ ವಿಷಯ ತಿಳಿದ ಮೇಲೆ ಅಮ್ಮನಿಗೇ ಅದೊಂದು ಆಟವಾಯಿತು. ಕಡಲೆಮಿಠಾಯಿಗೆಂದು ಬೆಲ್ಲಕ್ಕೆ ಒಂದಿಷ್ಟು ನೀರು ಹಾಕಿ ಒಲೆಯ ಮೇಲಿಟ್ಟು, “ಇದೇನೇ, ಮೆಲ್ಟಾ ಡಿಸಾಲ್ವಾ?” ಎನ್ನುತ್ತಿದ್ದರು. ನೀರು ಹಾಕಿದ್ದರಿಂದ ಡಿಸಾಲ್ವ್ ಎಂದು ಮಗಳು ಹೇಳುತ್ತಿದ್ದಳು. ದೇವರ ಮನೆಯ ಡಬ್ಬಿಯಲ್ಲಿ ಕರ್ಪೂರ ಸವೆದದ್ದನ್ನು ತೋರಿಸಿ ಕೇಳಿದಾಗ ಮಾತ್ರ ಪುಸ್ತಕ ತೆರೆಯಬೇಕಾಯಿತು. ಕರ್ಪೂರ ಘನದಿಂದ ನೇರವಾಗಿ ಆವಿಯಾಗುತ್ತದೆ, ಅದಕ್ಕೆ ಇಂಗ್ಲಿಷಿನಲ್ಲಿ ‘ಸಬ್ಲೈಮ್’ ಎಂಬ ಮೂರನೆಯದೇ ಕ್ರಿಯಾಪದವಿದೆ.

ಗಣೇಶನ ಹಬ್ಬ ಬಂತು. ಮೂರನೆಯ ದಿನ ಮಣ್ಣಿನ ಗಣಪನನ್ನು ಅಂಗಳದಲ್ಲಿ ಬಕೆಟ್ಟಿನ ನೀರಿಗೆ ಬಿಟ್ಟರು. ಸೊಂಡಿಲು ಮೊದಲು ಕಳಚಿತು, ರಾತ್ರಿಯ ಹೊತ್ತಿಗೆ ನೀರೆಲ್ಲ ಕದಡಿ ಕೆಂಪಾಗಿತ್ತು. “ಗಣಪ ಕರಗಿದ. ಇದು ಯಾವುದು ಹೇಳು?” ಎಂದರು ಅಮ್ಮ. ಮಗಳು ಬೆಳಗಿನವರೆಗೆ ಉತ್ತರ ಹೇಳಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಮೇಲಿನ ನೀರು ಅಷ್ಟಿಷ್ಟು ತಿಳಿಯಾಗಿತ್ತು. ತೋಳೇರಿಸಿ ಬಕೆಟ್ಟಿನ ತಳಕ್ಕೆ ಕೈಹಾಕಿ ಒಂದು ಹಿಡಿ ಮೆತ್ತನೆಯ ಮಣ್ಣು ಎತ್ತಿ ತೋರಿಸಿದಳು.

“ಎರಡೂ ಅಲ್ಲಮ್ಮ. ಸುಮ್ಮನೆ ಬಿಡಿಬಿಡಿಯಾಗಿ ತಳಕ್ಕೆ ಕೂತಿದ್ದಾನೆ.”

ಅಮ್ಮ ಬಕೆಟ್ಟನ್ನು ಎತ್ತಿಕೊಂಡು ಹೋಗಿ ದಾಸವಾಳದ ಗಿಡದ ಬುಡಕ್ಕೆ ಸುರಿದರು.